ಕನ್ನಡಿಯ ಮೇಲೊಂದು ಬೈರಾಸು

ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ, ಕೈ ತೊಳೆಯುವ ಬೇಸಿನ್ನಿನ ಮೇಲೆ ಒಂದು ಕನ್ನಡಿ ಇದೆ. ನಾನು ದಿನಾ ಗಡ್ಡ ಹೆರೆದುಕೊಳ್ಳುವುದು ಅಲ್ಲಿಯೇ. ಕಳೆದ ವರ್ಷ ಜೂನ್ ತಿಂಗಳ ಒಂದು ಬೆಳಿಗ್ಗೆ ನೋಡಿದರೆ, ಆ ಕನ್ನಡಿಯ ಮೇಲೆ ನನ್ನ ಕೆಂಪು ಬೈರಾಸು ಇಳಿಬಿದ್ದಿತ್ತು. ಮಳೆಗಾಲವಲ್ಲವೇ, ಒಣಗಲಿ ಎಂದು ಯಾರೋ ಹಾಕಿರಬೇಕು ಎಂದುಕೊಂಡು ತೆಗೆದು ಹಗ್ಗಕ್ಕೆ ಹಾಕಿದೆ. ಮರುದಿನ ಮತ್ತೆ ಅಲ್ಲೇ ಇತ್ತು. ಮೂರನೆಯ ದಿನ ಹೆಂಡತಿಯನ್ನು ಕೇಳಿದೆ.

"ಪುಟ್ಟಿ ಹಾಕುವುದು. ಹಲ್ಲುಜ್ಜುವಾಗ ಅವಳಿಗೆ ಅವಳ ಮುಖ ಕಾಣುವುದು ಬೇಡವಂತೆ" ಎಂದಳು.

ಪುಟ್ಟಿ ಎಂದರೆ ನನ್ನ ಮಗಳ ಮಗಳು. ಒಂಬತ್ತನೆಯ ತರಗತಿ. ಅಳಿಯ ಮಸ್ಕತ್‌ನಲ್ಲಿರುವುದರಿಂದ ಮಗಳೂ ಮೊಮ್ಮಗಳೂ ಉಡುಪಿಯ ಹತ್ತಿರದ ನಮ್ಮ ಮನೆಯಲ್ಲೇ ಇರುವುದು. ಅವಳ ಹಣೆ, ಮೂಗು, ಕೆನ್ನೆಗಳಲ್ಲಿ ಮೊಡವೆ ಎದ್ದದ್ದನ್ನು ನಾನೂ ನೋಡಿದ್ದೆ. ನೋಡಿ ಸುಮ್ಮನಿದ್ದರೆ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಮನೆಗೆ ನೆಂಟರು ಬಂದಿದ್ದಾಗ, "ಏನೇ ಪುಟ್ಟಿ, ಕೆನ್ನೆಯಲ್ಲಿ ತೊಗರಿ ಒಣಗಿಸಲಿಕ್ಕೆ ಹಾಕಿದ್ದೀಯಾ?" ಎಂದು ತಮಾಷೆ ಮಾಡಿದ್ದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ದಿನ ಅವಳು ಊಟಕ್ಕೆ ನಮ್ಮೊಂದಿಗೆ ಕುಳಿತುಕೊಳ್ಳಲಿಲ್ಲ ಎಂಬುದು ನನಗೆ ನೆನಪಾದದ್ದು ಈ ಬೈರಾಸಿನ ವಿಷಯ ತಿಳಿದ ಮೇಲೆ.

ಹೀಗೆ ತಮಾಷೆ ಮಾಡಲು ನನಗೆ ಯಾವ ಹಕ್ಕೂ ಇರಲಿಲ್ಲ. ನನ್ನ ಬಿ.ಕಾಂ. ಕೊನೆಯ ವರ್ಷದ, 1972ರ, ಗುಂಪು ಫೋಟೋ ಒಂದು ಟ್ರಂಕಿನಲ್ಲಿದೆ. ಅದರಲ್ಲಿ ನಲವತ್ತು ಹುಡುಗರು ಕ್ಯಾಮೆರಾ ನೋಡುತ್ತಿದ್ದಾರೆ. ಎರಡನೆಯ ಸಾಲಿನ ಒಬ್ಬ ಮಾತ್ರ ಬಲಕ್ಕೆ ಕಾಗೆ ಹಾರಿತೇನೋ ಎಂಬಂತೆ ಅತ್ತ ನೋಡುತ್ತಿದ್ದಾನೆ. ಅವನೇ ನಾನು. ಎಡಗೆನ್ನೆಯ ತುಂಬ ಮೊಡವೆ ಇತ್ತು. ಅಮ್ಮ ಗಂಧ ತೇದು ಹಚ್ಚಿದಳು. ಹಾಸ್ಟೆಲಿನ ಗೆಳೆಯ ಟೂತ್‌ಪೇಸ್ಟ್ ಹಚ್ಚು ಎಂದ, ಉರಿ ತಾಳಲಾರದೆ ರಾತ್ರಿ ಎದ್ದು ತೊಳೆದೆ. ಕೊನೆಗೆ ಉಗುರಿನಿಂದ ಹಿಸುಕಿದೆ. ಹಿಸುಕಿದ ಗುರುತು ಎರಡು ಗುಂಡಿಗಳಾಗಿ ಇಂದಿಗೂ ಕೆನ್ನೆಯಲ್ಲಿವೆ. ಮುಂದೆ ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಕೌಂಟರಿನ ಹಿಂದೆ ಕುಳಿತಾಗಲೂ, ಗ್ರಾಹಕರಿಗೆ ಬಲಗೆನ್ನೆ ಕಾಣುವಂತೆ ಕುರ್ಚಿ ತಿರುಗಿಸಿಕೊಳ್ಳುವ ಅಭ್ಯಾಸ ನನಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ತಪ್ಪು ಮಾಡಿದವನಿಗೆ ಅದನ್ನು ಬೇಗ ಸರಿಮಾಡಿಬಿಡುವ ಅವಸರ. ಪೇಟೆಗೆ ಹೋದವನು ಒಂದು ಔಷಧಿ ಅಂಗಡಿಗೆ ಹೋಗಿ, "ಮೊಡವೆಗೆ ಒಳ್ಳೆಯದೊಂದು ಕೊಡಿ" ಎಂದೆ. ಅಲ್ಲಿದ್ದ ಹುಡುಗ ಒಂದು ಸಣ್ಣ ಟ್ಯೂಬು ಕೊಟ್ಟ. "ಎಲ್ಲರೂ ಇದನ್ನೇ ಒಯ್ಯುವುದು, ಮುಖವೂ ಬೆಳ್ಳಗಾಗುತ್ತದೆ" ಎಂದ. ಸಹಿ ಹೊಂದದ ಒಂದು ಚೆಕ್ಕನ್ನೂ ಜೀವನದಲ್ಲಿ ಪಾಸು ಮಾಡದ ನಾನು, ಡಾಕ್ಟರ ಚೀಟಿಯಿಲ್ಲದ ಆ ಟ್ಯೂಬನ್ನು ಹಿಂದೆ ಮುಂದೆ ನೋಡದೆ ಜೇಬಿಗೆ ಹಾಕಿಕೊಂಡು ಬಂದೆ.

ಮೊದಲ ಎರಡು ವಾರ ಮುಖ ಚೆನ್ನಾಯಿತು. ಕೆಂಪು ಇಳಿಯಿತು. ಬೈರಾಸು ಕನ್ನಡಿಯಿಂದ ಹಗ್ಗಕ್ಕೆ ಬಂತು. ನಾನು ಬೀಗಿದೆ. ಜುಲೈ ಹೊತ್ತಿಗೆ ಟ್ಯೂಬು ಮುಗಿದು ಎರಡು ದಿನ ಹಚ್ಚದಿದ್ದಾಗ ಮುಖವೆಲ್ಲ ಕೆಂಡದಂತೆ ಕೆಂಪಾಯಿತು. ತುರಿಕೆ, ಉರಿ, ಮೊದಲು ಇಲ್ಲದ ಜಾಗದಲ್ಲೂ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳು. ಬಿಸಿಲಿಗೆ ಹೋದರೆ ಕಣ್ಣೀರು. ಅವಳು ಶಾಲೆಗೆ ಮಾಸ್ಕ್ ಹಾಕಿಕೊಂಡು ಹೋಗತೊಡಗಿದಳು. ಅದೇ ವಾರ ಇನ್ನೊಂದು ಸುದ್ದಿ ಬಂತು. ಶಾಲೆಯ ಯಕ್ಷಗಾನದಲ್ಲಿ 'ಅಭಿಮನ್ಯು ಕಾಳಗ'ದ ಅಭಿಮನ್ಯುವಿನ ಪಾತ್ರಕ್ಕೆ ಗುರುಗಳು ಅವಳನ್ನು ಆರಿಸಿದ್ದರು. ಅವಳು ಆಗುವುದಿಲ್ಲ ಎಂದುಬಿಟ್ಟಿದ್ದಳು. ಎರಡು ವರ್ಷದಿಂದ ಹೆಜ್ಜೆ ಕಲಿತ ಹುಡುಗಿ!

"ಈ ಮುಖಕ್ಕೆ ಬಣ್ಣ ಹಚ್ಚಿದರೆ ಇನ್ನೂ ಹಾಳಾಗುತ್ತದೆ ಅಜ್ಜಯ್ಯ. ಬಣ್ಣ ತೆಗೆದ ಮೇಲೆ ಎಲ್ಲರೂ ನೋಡುತ್ತಾರೆ" ಎಂದಳು. ನನಗೆ ಉತ್ತರ ತೋಚಲಿಲ್ಲ.

ಮಗಳು ರಜೆ ಹಾಕಿ ಅವಳನ್ನು ಚರ್ಮದ ಡಾಕ್ಟರಲ್ಲಿಗೆ ಕರೆದೊಯ್ದಳು. ನಾನೂ ಹೋದೆ, ಖಾಲಿ ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು. ಡಾಕ್ಟರಮ್ಮ ಅದನ್ನು ಓದಿ, ಭೂತಗನ್ನಡಿ ಕೊಟ್ಟು, "ಇಲ್ಲಿ ಓದಿ" ಎಂದರು. ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂಬ ಸಾಲು ಇರುವೆಯಂಥ ಅಕ್ಷರಗಳಲ್ಲಿತ್ತು. ಅದರೊಳಗಿದ್ದದ್ದು ಸ್ಟೀರಾಯ್ಡ್. ಅದು ಕೆಂಪನ್ನೂ ಊತವನ್ನೂ ತಕ್ಷಣ ಅಡಗಿಸುತ್ತದೆ, ಆದರೆ ದಿನವೂ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಅದೇ ಹೊಸ ಮೊಡವೆ ತರುತ್ತದೆ, ಬಿಟ್ಟರೆ ಉರಿ ಎದ್ದು ಮತ್ತೆ ಅದನ್ನೇ ಬೇಡುವಂತೆ ಮಾಡುತ್ತದೆ ಎಂದರು. ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿದೆಯಂತೆ. ನನಗೆ ನೆನಪಾದದ್ದು ಸಾಲದ ಖಾತೆಗಳು. ಮೊದಲ ದಿನ ಕೈಯಲ್ಲಿ ಹಣ ಕಂಡು ಖುಷಿ. ಬಡ್ಡಿ ಆಮೇಲೆ ಬರುತ್ತದೆ. ಸಾಲ ಮಾಡಿದವನು ನಾನು, ಬಡ್ಡಿ ಕಟ್ಟುತ್ತಿರುವವಳು ಪುಟ್ಟಿ.

"ತಂದುಕೊಟ್ಟವರು ಯಾರು?" ಎಂದು ಡಾಕ್ಟರಮ್ಮ ಕೇಳಿದಾಗ ಪುಟ್ಟಿ ನೆಲ ನೋಡಿದಳು. "ನಾನೇ" ಎಂದೆ.

ಅವರು ಬೈಯಲಿಲ್ಲ. ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದು ಪುಟ್ಟಿಗೆ ವಿವರಿಸಿದರು. ಮಕ್ಕಳೇ, ನೀವೂ ಕೇಳಿ. ನಮ್ಮ ಚರ್ಮದಲ್ಲಿ ಕೂದಲ ಬುಡಗಳ ಪಕ್ಕ ಸಣ್ಣ ಎಣ್ಣೆಯ ಗ್ರಂಥಿಗಳಿವೆ. ಹನ್ನೆರಡು ಹದಿಮೂರರ ಪ್ರಾಯಕ್ಕೆ ದೇಹದಲ್ಲಿ ಹಾರ್ಮೋನುಗಳು ಏರಿದಾಗ ಅವು ಹೆಚ್ಚು ಎಣ್ಣೆ ಸುರಿಸುತ್ತವೆ. ಸತ್ತ ಚರ್ಮದ ಕಣಗಳು ಆ ಎಣ್ಣೆಯೊಂದಿಗೆ ಸೇರಿ ರಂಧ್ರಕ್ಕೆ ಬಿರಡೆ ಹಾಕುತ್ತವೆ. ಒಳಗೆ ಮೊದಲೇ ಇರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಊದಿಕೊಳ್ಳುತ್ತದೆ. ಅದೇ ಮೊಡವೆ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೊಳೆಯಲ್ಲ. ಬಾಯಿ ತೆರೆದ ಬಿರಡೆ ಗಾಳಿಗೆ ಕಪ್ಪಾದದ್ದು. ಆದ್ದರಿಂದ ಮುಖ ತೊಳೆಯದೆ ಮೊಡವೆ ಬಂತು ಎನ್ನುವುದು ಸುಳ್ಳು. ಉಜ್ಜಿ ಉಜ್ಜಿ ತೊಳೆದರೆ ಅದು ಕೆರಳುತ್ತದೆ.

ಪುಟ್ಟಿ ಮಾಸ್ಕ್ ತೆಗೆದದ್ದು ಆಗ. "ಹಾಗಾದರೆ ನನ್ನ ತಪ್ಪಲ್ಲವಾ?" ಎಂದು ಕೇಳಿದಳು. "ಒಂದು ಚೂರೂ ಅಲ್ಲ" ಎಂದರು ಡಾಕ್ಟರಮ್ಮ.

ಮೊದಲ ಆರು ವಾರ ಔಷಧಿಯೇ ಇಲ್ಲ. ಸೌಮ್ಯವಾದ ಫೇಸ್‌ವಾಶ್‌ನಲ್ಲಿ ದಿನಕ್ಕೆ ಎರಡು ಸಲ ತೊಳೆಯುವುದು, ಬೈರಾಸಿನಿಂದ ಉಜ್ಜದೆ ಒತ್ತಿ ಒರೆಸುವುದು, ಹಗುರವಾದ ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್. "ಎಣ್ಣೆ ಮುಖಕ್ಕೆ ಮತ್ತೆ ಕ್ರೀಮು ಯಾಕೆ?" ಎಂದು ನಾನು ತಲೆ ಹಾಕಿದೆ. ಎಣ್ಣೆ ಬೇರೆ, ನೀರಿನ ಪಸೆ ಬೇರೆ. ಎಣ್ಣೆ ಸುರಿಯುವ ಚರ್ಮವೂ ಒಣಗಿ ಬಿರಿಯಬಹುದು ಎಂದು ತಿಳಿಯಿತು. ಕೊಳ್ಳುವಾಗ ಡಬ್ಬಿಯ ಮೇಲೆ 'ನಾನ್ ಕೊಮೆಡೋಜೆನಿಕ್' ಎಂದಿದೆಯೇ ನೋಡಬೇಕು. ರಂಧ್ರ ಮುಚ್ಚದಂತೆ ತಯಾರಿಸಿದ್ದು ಎಂದು ಅದರ ಅರ್ಥ. ಸುವಾಸನೆ ಇಲ್ಲದ್ದು ಸೂಕ್ಷ್ಮ ಚರ್ಮಕ್ಕೆ ಒಳ್ಳೆಯದು. ಲಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಯಾವುದೂ ಮುಖದ ಹತ್ತಿರ ಸುಳಿಯಬಾರದು.

ಮನೆಯಲ್ಲಿ ಸ್ವಲ್ಪ ಗಲಾಟೆಯಾದದ್ದು ತಲೆಗೆಣ್ಣೆಯ ವಿಷಯಕ್ಕೆ. ದಿನಾ ರಾತ್ರಿ ನನ್ನ ಹೆಂಡತಿ ಪುಟ್ಟಿಯ ತಲೆಗೆ ತೆಂಗಿನೆಣ್ಣೆ ತಟ್ಟುತ್ತಿದ್ದಳು, ಅದು ಹಣೆಗೆ ಇಳಿಯುತ್ತಿತ್ತು. ಹಣೆಯ ಮೊಡವೆಗೆ ಅದೂ ಒಂದು ಕಾರಣವಿರಬಹುದು ಎಂದಾಗ ಅಮ್ಮಮ್ಮನಿಗೆ ಕೋಪ ಬಂತು. ಕೊನೆಗೆ ರಾಜಿಯಾಯಿತು: ಭಾನುವಾರ ಎಣ್ಣೆ, ಒಂದು ಗಂಟೆ ಬಿಟ್ಟು ತಲೆಸ್ನಾನ.

ಸೆಪ್ಟೆಂಬರಿನಲ್ಲಿ ಉರಿ ತಣಿದ ಮೇಲೆ ಔಷಧಿ ಶುರುವಾಯಿತು. ರಾತ್ರಿ ಅಡಾಪಲೀನ್ ಜೆಲ್. ಒಂದೊಂದು ಮೊಡವೆಗೆ ಚುಕ್ಕೆ ಇಡುವುದಲ್ಲ, ಬಟಾಣಿಯಷ್ಟು ತೆಗೆದು ಇಡೀ ಮುಖಕ್ಕೆ ತೆಳುವಾಗಿ ಹಚ್ಚುವುದು. ಮೊದಲು ದಿನ ಬಿಟ್ಟು ದಿನ. ಬೆಳಿಗ್ಗೆ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್. ಇದಕ್ಕೆ ಬಟ್ಟೆಯ ಬಣ್ಣ ತೆಗೆಯುವ ಗುಣವಿದೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಪುಟ್ಟಿ ಮರೆತು ನನ್ನ ಕೆಂಪು ಬೈರಾಸಿನಲ್ಲಿ ಕೈ ಒರೆಸಿದಳು. ಬೈರಾಸಿನ ತುಂಬ ಬಿಳಿ ಬಿಳಿ ಮಚ್ಚೆ! "ಅಜ್ಜಯ್ಯ, ನಿಮ್ಮ ಬೈರಾಸಿಗೂ ಮೊಡವೆ ಬಂತು" ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು.

ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು ಎಂದಿದ್ದರು. ಮೊದಲ ತಿಂಗಳು ಏನೂ ಕಾಣಲಿಲ್ಲ. ಒಂದು ರಾತ್ರಿ ಅವಳು ಜೆಲ್ಲನ್ನು ಎಸೆದು ಅತ್ತಾಗ ನಾನು ಟ್ರಂಕು ತೆರೆದು ಆ ಫೋಟೋ ತಂದೆ. ಕಾಗೆ ನೋಡುವ ಹುಡುಗನನ್ನು ತೋರಿಸಿದೆ. ಕುರ್ಚಿ ತಿರುಗಿಸಿಕೊಂಡು ಕುಳಿತ ಮೂವತ್ತೆಂಟು ವರ್ಷದ ಕಥೆಯನ್ನೂ ಹೇಳಿದೆ. "ನೆಂಟರ ಮುಂದೆ ಹಾಗೆ ಹೇಳಬಾರದಿತ್ತು ಮಗಾ. ನಿನ್ನನ್ನು ಕೇಳದೆ ಆ ಟ್ಯೂಬೂ ತರಬಾರದಿತ್ತು" ಎಂದೆ. ಅವಳು ಫೋಟೋವನ್ನು ತುಂಬ ಹೊತ್ತು ನೋಡಿದಳು. "ಮೂವತ್ತೆಂಟು ವರ್ಷವಾ?" ಎಂದಳು. ಎದ್ದು ಹೋಗಿ ಜೆಲ್ ಹುಡುಕಿ ತಂದಳು.

ಮರುದಿನ ಗುರುಗಳಲ್ಲಿಗೆ ಹೋಗಿ, ಅಭಿಮನ್ಯು ನಾನೇ ಮಾಡುತ್ತೇನೆ ಎಂದು ಹೇಳಿ ಬಂದಳು.

ಇನ್ನು ಬಣ್ಣದ ಪ್ರಶ್ನೆ. ಹಿಂದಿನ ಕಾಲದ ಯಕ್ಷಗಾನದಲ್ಲಿ ಅರದಾಳ, ಇಂಗಳೀಕ, ಸಫೇತಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಅರದಾಳದಲ್ಲಿ ಇರುವುದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಅಂಥದ್ದನ್ನು ಮುಖಕ್ಕೆ ಹಚ್ಚಿ ಬೆಳಗಿನವರೆಗೆ ಕುಣಿದ ಹಿರಿಯರನ್ನು ನೆನೆದರೆ ಕೈ ಮುಗಿಯಬೇಕು. ಈಗ ತಯಾರಿಸಿದ ಬಣ್ಣಗಳು ಸಿಗುತ್ತವೆ. ಬಿಳಿ ಬಣ್ಣದ ಜಿಂಕ್ ಆಕ್ಸೈಡ್ ಅಂತೂ ಕ್ಯಾಲಮೈನ್ ಲೋಶನ್ನಿನಲ್ಲೂ ಇರುವಂಥದ್ದೇ. ಡಾಕ್ಟರಮ್ಮ ಬಣ್ಣ ಬೇಡವೆನ್ನಲಿಲ್ಲ. ಕೆಲವು ಮಾತು ಹೇಳಿದರು. ಒಂದು ವಾರ ಮೊದಲೇ ದವಡೆಯ ಅಂಚಿಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಬೇಕು. ಹಿಂದಿನ ರಾತ್ರಿ ಜೆಲ್ ಬೇಡ. ತೊಳೆದ ಮುಖಕ್ಕೆ ಮಾಯಿಶ್ಚರೈಸರ್ ಹಚ್ಚಿ, ಅದು ಹೀರಿದ ಮೇಲೆ ಬಣ್ಣ. ಸ್ಪಂಜು, ಕುಂಚ ಅವಳದ್ದೇ ಆಗಿರಬೇಕು, ಹತ್ತು ಮಕ್ಕಳ ಮುಖ ಸುತ್ತಿ ಬಂದದ್ದಲ್ಲ. ಬೆವರನ್ನು ಟಿಶ್ಯೂನಿಂದ ಒತ್ತಬೇಕು, ಉಜ್ಜಬಾರದು. ಆಟ ಮುಗಿದ ತಕ್ಷಣ ಬಣ್ಣ ತೆಗೆಯಬೇಕು. ತೆಂಗಿನೆಣ್ಣೆಯಲ್ಲೇ ಸಡಿಲಿಸಿದರೂ ಎಣ್ಣೆಯ ಜಿಡ್ಡು ಉಳಿಯದಂತೆ ಫೇಸ್‌ವಾಶ್‌ನಿಂದ ತೊಳೆದೇ ಮಲಗಬೇಕು. ಎಲ್ಲವನ್ನೂ ನಾನು ಲೆಡ್ಜರ್ ಅಕ್ಷರದಲ್ಲಿ ಬರೆದು ಕನ್ನಡಿಯ ಪಕ್ಕ ಅಂಟಿಸಿದೆ.

ಡಿಸೆಂಬರಿನ ಆ ಸಂಜೆ ಚೌಕಿಗೆ ಸ್ಪಂಜು, ಕುಂಚ, ಟಿಶ್ಯೂ ಇರುವ ಚೀಲ ಹಿಡಿದುಕೊಂಡು ಹೋದೆ. ಅಷ್ಟು ಹೊತ್ತಿಗೆ ಮುಖ ಮುಕ್ಕಾಲು ತಿಳಿಯಾಗಿತ್ತು. ಹಣೆಯಲ್ಲಿ ಮೂರು ಮೊಡವೆ, ಕೆನ್ನೆಯಲ್ಲಿ ಕಂದು ಕಲೆಗಳು ಇದ್ದವು. ಬಣ್ಣ ಹಚ್ಚುವ ಹಿರಿಯರು ಅವಳ ಗಲ್ಲ ಎತ್ತಿ ದೀಪಕ್ಕೆ ಹಿಡಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಅವರ ಕೆನ್ನೆ ನನ್ನ ಕೆನ್ನೆಗಿಂತ ಹೆಚ್ಚು ಗುಂಡಿ ಬಿದ್ದದ್ದು. "ಕಣ್ಣು ಬಿಡು ಮಗಾ. ಇಷ್ಟೇಯಾ? ನನಗೆ ನಿನ್ನ ಪ್ರಾಯದಲ್ಲಿ ಕಿರೀಟ ಕಟ್ಟಲಿಕ್ಕೂ ಹಣೆಯಲ್ಲಿ ಜಾಗ ಇರಲಿಲ್ಲ" ಎಂದರು. ಚೌಕಿಯ ಮಕ್ಕಳೆಲ್ಲ ನಕ್ಕರು. ಪುಟ್ಟಿಯೂ ನಕ್ಕಳು. ಆ ನಗುವಿಗೂ ಮೇ ತಿಂಗಳಿನ ನಗುವಿಗೂ ಇರುವ ವ್ಯತ್ಯಾಸ ನನಗೆ ಗೊತ್ತಾಯಿತು.

ಚಕ್ರವ್ಯೂಹ ಹೊಕ್ಕ ಅಭಿಮನ್ಯು ಹೇಗೆ ಕುಣಿದನೆಂದು ಅಜ್ಜನಾದವನು ಹೇಳಿದರೆ ಹೊಗಳಿಕೆಯಾಗುತ್ತದೆ. ಚಪ್ಪಾಳೆ ಬಹಳ ಹೊತ್ತು ಇತ್ತು ಎಂದಷ್ಟೇ ಹೇಳುತ್ತೇನೆ.

ಆಟ ಮುಗಿದು ಬಣ್ಣ ತೆಗೆದು, ಮುಖ ತೊಳೆದು, ಒತ್ತಿ ಒರೆಸಿಕೊಂಡು ಅವಳು ಹೊರಗೆ ಬಂದಳು. ಮುಖ ಸ್ವಲ್ಪ ಕೆಂಪಾಗಿತ್ತು. ಮಸ್ಕತ್‌ಗೆ ಕಳಿಸಲಿಕ್ಕೆ ಫೋಟೋ ಬೇಕೆಂದು ಮಗಳು ಮೊಬೈಲ್ ಹಿಡಿದು, "ಬಣ್ಣ ಇರುವಾಗಲೇ ತೆಗೆಯಬೇಕಿತ್ತು" ಎಂದಳು. "ಬೇಡ ಅಮ್ಮ, ಹೀಗೇ ಇರಲಿ" ಎಂದು ಪುಟ್ಟಿ ನನ್ನ ಪಕ್ಕ ಬಂದು ನಿಂತಳು.

ನಾನು ಅಭ್ಯಾಸಬಲದಿಂದ ಮುಖ ಪಕ್ಕಕ್ಕೆ ತಿರುಗಿಸಿದೆ. ಅವಳು ನನ್ನ ಗಲ್ಲ ಹಿಡಿದು ನೇರ ಮಾಡಿದಳು.

"ಅಜ್ಜಯ್ಯ, ಅಲ್ಲಿ ಕಾಗೆ ಇಲ್ಲ. ಇಲ್ಲಿ ನೋಡಿ."