ಹೊಳೆಗೆ ಹಾಕಬೇಡಿ ಅನ್ನುವ ಬಗೆ

ಮಳೆಗಾಲ ಬಂತೆಂದರೆ ಶಿವಮೊಗ್ಗದವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: "ಮಂಟಪ ಮುಳುಗ್ತಾ?" ಕೋರ್ಪಳಯ್ಯನ ಛತ್ರದ ಹತ್ತಿರ ತುಂಗೆಯ ಒಳಗೇ ನಿಂತಿರುವ ಪುಟ್ಟ ಕಲ್ಲುಮಂಟಪ ಅದು. ಗಾಜನೂರಿನಲ್ಲಿ ಇಷ್ಟು ಗೇಟು ತೆಗೆದರು, ಇಷ್ಟು ಸಾವಿರ ಕ್ಯುಸೆಕ್ ಬಿಟ್ಟರು ಎಂದು ಪತ್ರಿಕೆಗಳು ಎಷ್ಟು ಬರೆದರೂ ಊರಿಗೆ ನಂಬಿಕೆ ಬರುವುದು ಮಂಟಪದ ತಲೆ ನೀರಿನಡಿ ಹೋದಾಗಲೇ. ಅಂದು ಕೆಲಸ ಬಿಟ್ಟು, ಕೊಡೆ ಹಿಡಿದು, ಸೇತುವೆಯ ಮೇಲೆ ಸಾಲುಗಟ್ಟಿ ನಿಲ್ಲುತ್ತೇವೆ. ಮೊಬೈಲಿನಲ್ಲಿ ಹಿಡಿದು ಬೆಂಗಳೂರಿನಲ್ಲಿರುವ ಮಕ್ಕಳಿಗೆ ಕಳಿಸುತ್ತೇವೆ. ಬಾಗಿನ ಕೊಡುವವರು ಕೊಡುತ್ತಾರೆ. ಹೊಳೆಯ ಮೇಲೆ ಊರಿಗೆ ಪ್ರೀತಿ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ನೀರು ಇಳಿದ ಮೇಲೆ ಬಂದು ನೋಡುವವರು ಮಾತ್ರ ಕಡಿಮೆ. ದಸರೆ ಕಳೆದು ಹೊಳೆ ಸಣ್ಣಗಾಗುವ ಹೊತ್ತಿಗೆ ದಂಡೆಯ ಹೊಂಗೆ ಕೊಂಬೆಗಳಿಗೆ, ಹೊಳೆಮತ್ತಿಯ ಬೇರುಗಳಿಗೆ ಬಣ್ಣಬಣ್ಣದ ಬಟ್ಟೆ ಸುತ್ತಿರುತ್ತದೆ. ದೂರದಿಂದ ನೋಡಿದವರು ಯಾವುದೋ ಹರಕೆಯ ಮರವಿರಬೇಕೆಂದು ಕೈಮುಗಿದಾರು. ಭಾನುವಾರ ಬೆಳಿಗ್ಗೆ ನಮ್ಮ ಗುಂಪು ಕೈಗವಸು ಹಾಕಿಕೊಂಡು ಅಲ್ಲಿಗೆ ಇಳಿಯುತ್ತದೆ. ಗುಂಪೆಂದರೆ ದೊಡ್ಡದೇನಲ್ಲ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಔಷಧಿ ಅಂಗಡಿಯವರು, ಕಾಲೇಜಿನ ಹುಡುಗ ಹುಡುಗಿಯರು, ಜೊತೆಗೆ ಯಾರದಾದರೂ ಮನೆಗೆ ಬಂದು ಸಿಕ್ಕಿಬಿದ್ದ ನೆಂಟರು. ಆಗೀಗ ಮುಖ್ಯ ಅತಿಥಿಗಳೂ ಬರುತ್ತಾರೆ. ಅವರ ಕೈಗೆ ಹೊಸ ಪೊರಕೆ ಕೊಡುತ್ತೇವೆ. ಹೊಳೆಯಲ್ಲಿ ಪೊರಕೆಯಿಂದ ಆಗುವ ಕೆಲಸ ಯಾವುದೂ ಇಲ್ಲ, ಆದರೆ ಫೋಟೋದಲ್ಲಿ ಅದಿಲ್ಲದಿದ್ದರೆ ಸೇವೆಯಂತೆ ಕಾಣುವುದಿಲ್ಲ.

ಬೇರಿಗೆ ಸುತ್ತಿದ ಸೀರೆ ಬಿಡಿಸುವುದೊಂದು ವಿದ್ಯೆ. ಮೇಲೆ ಕಾಣುವುದು ಗೇಣುದ್ದದ ಸೆರಗು. ಮಿಕ್ಕಿದ್ದೆಲ್ಲ ಮರಳಿನಡಿ ಹೋಗಿ, ಬೇರುಗಳ ಸಂದಿಯಲ್ಲಿ ನುಸುಳಿ, ಇನ್ಯಾರದೋ ಪಂಚೆಗೆ ತೊಡರಿಕೊಂಡು, ಆ ಪಂಚೆ ಮತ್ತಾರದೋ ನೈಟಿಗೆ ಗಂಟುಬಿದ್ದು ಕೂತಿರುತ್ತದೆ. ಹತ್ತಿಯದಾಗಿದ್ದರೆ ಕೊಳೆತು ಮಣ್ಣಾಗುತ್ತಿತ್ತು. ಪಾಲಿಯೆಸ್ಟರ್ ಹಾಗಲ್ಲ, ಉಟ್ಟವರು ಹೋದರೂ ತಾನು ಹೋಗುವುದಿಲ್ಲ. ಒಬ್ಬರು ಬೇರಿಗೆ ಏಟು ಬೀಳದ ಹಾಗೆ ಕುಡುಗೋಲಿನಲ್ಲಿ ಕೊಯ್ಯಬೇಕು, ಇಬ್ಬರು ಎಳೆಯಬೇಕು, ಅವರ ಹಿಂದೆ ಗಟ್ಟಿ ಆಸಾಮಿಯೊಬ್ಬರು ನಿಂತಿರಬೇಕು. ಯಾಕೆಂದರೆ ಸೀರೆ ತಟ್ಟನೆ ಬಿಟ್ಟುಕೊಂಡಾಗ ಎಳೆಯುವವರು ಅಂಗಾತ ಬೀಳುವುದು ಖಂಡಿತ. ಮರಳು ಕುಡಿದ ಒದ್ದೆ ಸೀರೆ ಎಷ್ಟು ಭಾರವೆಂದು ದಂಡೆ ಹತ್ತುವಾಗ ಗೊತ್ತಾಗುತ್ತದೆ.

ಬಟ್ಟೆಯ ನಂತರದ ಸ್ಥಾನ ದೇವರ ಫೋಟೋಗಳದು. ಗಾಜು ಒಡೆದ ವೆಂಕಟರಮಣ, ಚೌಕಟ್ಟು ಸಡಿಲಾದ ಲಕ್ಷ್ಮಿ, ಹೋದ ವರ್ಷದ ಕ್ಯಾಲೆಂಡರು, ಕಟ್ಟುಗಟ್ಟಲೆ ಮದುವೆ ಕಾಗದ. ಮದುವೆ ಕಾಗದ ಹೊಳೆಗೆ ಯಾಕೆ ಬಂತು ಎಂದು ಮೊದಲು ಅರ್ಥವಾಗುವುದಿಲ್ಲ. ಮೂಲೆಯಲ್ಲಿ ಗಣಪತಿ ಇದ್ದಾನಲ್ಲ, ಕಸದ ಗಾಡಿಗೆ ಹಾಕುವುದು ಹೇಗೆ! ಬಾಗಿನದ ಬಿದಿರು ಮೊರ ನೀರಿನಲ್ಲಿ ಕರಗಿ ಹೋಗುತ್ತದೆ, ಅದರೊಳಗಿನ ಬಾಚಣಿಗೆ, ಕನ್ನಡಿ, ಬಳೆ ಈಗ ಪ್ಲಾಸ್ಟಿಕ್ಕಿನವು, ಉಳಿಯುತ್ತವೆ. ಬಿಯರ್ ಬಾಟಲಿ, ಗುಟ್ಕಾ ಪೊಟ್ಟಣಗಳೂ ಬೇಕಾದಷ್ಟು ಸಿಗುತ್ತವೆ. ಆದರೆ ಬಾಟಲಿ ಎಸೆದವನ ಜೊತೆ ವ್ಯವಹಾರ ಸುಲಭ. ತಾನು ಮಾಡಿದ್ದು ತಪ್ಪೆಂದು ಅವನಿಗೆ ಗೊತ್ತಿರುತ್ತದೆ, ಗದರಿದರೆ ಮುಖ ತಿರುಗಿಸುತ್ತಾನೆ. ಫೋಟೋ ಬಿಟ್ಟವರು ಪುಣ್ಯದ ಕೆಲಸ ಮುಗಿಸಿ, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗಿದ್ದಾರೆ. ನಮ್ಮ ಹೊಳೆಗೆ ಬೀಳುವ ಕಸದಲ್ಲಿ ಹೆಚ್ಚಿನ ಪಾಲು ಗೌರವದಿಂದಲೇ ಬಿದ್ದದ್ದು. ಅದಕ್ಕೇ ಹೆಕ್ಕುವ ಕೆಲಸ ನನಗೆ ಕಷ್ಟ ಅನಿಸಿಲ್ಲ. ಕಷ್ಟವೆಲ್ಲ ಮೆಟ್ಟಿಲ ಮೇಲೆ ನಿಂತು "ಹಾಕಬೇಡಿ" ಅನ್ನುವುದರಲ್ಲಿದೆ.

ಕೋಟೆ ಕಡೆಯ ಅಜ್ಜಿಯೊಬ್ಬರು ವಾರದ ನಿರ್ಮಾಲ್ಯವನ್ನು ಕವರಿಗೆ ತುಂಬಿ, ಬಾಯಿಗೆ ಎರಡು ಗಂಟು ಬಿಗಿದು ತರುತ್ತಿದ್ದರು.

"ಅಜ್ಜೀ, ಹೂವು ಬೇಕಾದ್ರೆ ಬಿಡಿ, ಕವರ್ ಇಲ್ಲಿ ಕೊಡಿ."

"ಕವರಿಂದ ತೆಗೆದ್ರೆ ಹೂವೆಲ್ಲ ಚೆಲ್ಲಾಪಿಲ್ಲಿ ಆಗಿ ಹೊಳೆ ಗಲೀಜಾಗಲ್ವೇನೋ ಮಾರಾಯಾ?"

ಇದಕ್ಕೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಅಜ್ಜಿಗೆ ಹೊಳೆಯ ಮೇಲೆ ನಮಗಿಂತ ಕಾಳಜಿ ಹೆಚ್ಚು ಎಂದೇ ಒಪ್ಪಬೇಕಾಯಿತು. ಕೊನೆಗೆ ಮೇಷ್ಟ್ರು ಉಪಾಯ ಹುಡುಕಿದರು. ಈ ಹೂವನ್ನು ಗೊಬ್ಬರ ಮಾಡಿ ದೇವಸ್ಥಾನದ ತುಳಸಿ ಕಟ್ಟೆಗೇ ಹಾಕುತ್ತೇವೆ ಅಂದರು. ತುಳಸಿಗೆ ಅಂದಮೇಲೆ ಅಜ್ಜಿ ಕವರನ್ನು ಕೈಗೆ ಕೊಟ್ಟರು. ಮುಂದಿನ ಸಲ ಬಂದವರೇ, ತಮ್ಮ ಹೂವು ಬೇರೆಯವರ ಹೂವಿನ ಜೊತೆ ಬೆರೆಸಿಲ್ಲ ತಾನೇ ಎಂದು ವಿಚಾರಿಸಿದರು.

ಸಾವಿನ ಮನೆಯವರ ಹತ್ತಿರ ಇಂಥ ಉಪಾಯಗಳು ನಡೆಯುವುದಿಲ್ಲ. ಅಸ್ಥಿ ಬಿಡಲು ಬಂದವರು ತೀರಿಕೊಂಡವರ ಹಾಸಿಗೆ, ದಿಂಬು, ಅಂಗಿಯನ್ನೂ ನೀರಿಗೆ ಬಿಡುತ್ತಾರೆ, ಮುಳುಗಿ ಎದ್ದು ಉಟ್ಟ ಬಟ್ಟೆಯನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ. ತಲೆ ಬೋಳಿಸಿಕೊಂಡು ನಡುಗುತ್ತ ನಿಂತ ಮಗನ ಹತ್ತಿರ ಹೋಗಿ ಪರಿಸರದ ಮಾತಾಡುವ ಧೈರ್ಯ ಯಾರಿಗಿದೆ? ಧೈರ್ಯ ಮಾಡುವುದೂ ಸರಿಯಲ್ಲ. ನಾವು ದೂರ ನಿಂತು, ಅವರು ಹೋದ ಮೇಲೆ ಹೆಕ್ಕುತ್ತಿದ್ದೆವು. ಇದನ್ನು ನೋಡುತ್ತಿದ್ದ ಪುರೋಹಿತರೊಬ್ಬರು ಒಂದು ದಿನ ತಾವಾಗಿಯೇ ಹೇಳಿದರು: "ನೀವು ಹೇಳಿದ್ರೆ ಜಗಳ ಆಗುತ್ತೆ. ನಾನು ಹೇಳಿದ್ರೆ ಶಾಸ್ತ್ರ ಆಗುತ್ತೆ. ಒಂದು ಡ್ರಮ್ ತಂದಿಡಿ." ಡ್ರಮ್ ಇಟ್ಟೆವು. ಈಗ ಅವರು ಕ್ರಿಯೆ ಮುಗಿಯುವಾಗ ಮಂತ್ರದ ಧಾಟಿಯಲ್ಲೇ, "ಬಟ್ಟೆಯನ್ನ ಆ ಡ್ರಮ್ಮಿಗೆ ಹಾಕಿ, ತಿರುಗಿ ನೋಡದೆ ನಡೀರಿ" ಅನ್ನುತ್ತಾರೆ. ಒಬ್ಬರೂ ಎದುರು ಆಡುವುದಿಲ್ಲ. ಸರ್ಕಾರವೂ ತನ್ನ ಮಟ್ಟಿಗೆ ಪ್ರಯತ್ನಿಸಿದೆ. 2025ರ ಮಾರ್ಚಿನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆಯವರು ಪುಣ್ಯಕ್ಷೇತ್ರಗಳ ನದಿ, ಕಲ್ಯಾಣಿಗಳ 500 ಮೀಟರ್ ಆಸುಪಾಸಿನಲ್ಲಿ ಸೋಪು, ಶಾಂಪೂ ಮಾರದಂತೆ, ಜನ ಬಟ್ಟೆ ಬಿಡದಂತೆ ನೋಡಿಕೊಳ್ಳಲು ಸೂಚಿಸಿದರು. ಒಳ್ಳೆಯ ಸೂಚನೆಯೇ. ಆದರೆ ನಮ್ಮ ಮೆಟ್ಟಿಲಲ್ಲಿ ಅದಕ್ಕಿಂತ ಹೆಚ್ಚು ನಡೆಯುವುದು ಪುರೋಹಿತರ ಮಾತು.

ಗಣಪತಿ ಹುಡುಗರದು ಬೇರೆಯೇ ಬಗೆ. ಭಕ್ತಿಯ ಜೊತೆಗೆ ಪಕ್ಕದ ಬೀದಿಯ ಗಣಪತಿಗಿಂತ ಒಂದಡಿ ಎತ್ತರವಾಗಬೇಕೆಂಬ ಹಟವೂ ಸೇರಿರುತ್ತದೆ. ಜೇಡಿಮಣ್ಣಿನಲ್ಲಿ ಎತ್ತರ ಕಟ್ಟುವುದು ಕಷ್ಟ, ಭಾರವೂ ಹೆಚ್ಚು. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಗುರ, ಅಗ್ಗ. ಅದು ನೀರಿನಲ್ಲಿ ಬೇಗ ಕರಗುವುದಿಲ್ಲ, ಬಳಿದ ಬಣ್ಣದೊಳಗಿನ ಲೋಹಗಳು ನೀರಿಗೆ ಬಿಟ್ಟುಕೊಳ್ಳುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲೇ ಮೂರ್ತಿ ವಿಸರ್ಜನೆಗೆ ಮಾರ್ಗಸೂಚಿ ಮಾಡಿ, 2020ರಲ್ಲಿ ಅದನ್ನು ಬಿಗಿ ಮಾಡಿ, ಇಂಥ ಮೂರ್ತಿಗಳೇ ಬೇಡ ಎಂದಿತು. ಹುಡುಗರಿಗೆ ಮಾರ್ಗಸೂಚಿ ಓದಿ ಹೇಳಿದರೆ ಆಕಳಿಸುತ್ತಾರೆ. ವಿಸರ್ಜನೆಯಾಗಿ ಎರಡು ವಾರದ ಮೇಲೆ ಅವರನ್ನೇ ಹೊಳೆಗೆ ಕರೆದುಕೊಂಡು ಹೋಗಿ, ಸೊಂಡಿಲು ಮುರಿದು ಮೊಣಕಾಲುದ್ದ ನೀರಿನಲ್ಲಿ ಮಲಗಿದ ಮೂರ್ತಿಯನ್ನು ತೋರಿಸಿದೆವು. "ಇದು ನಮ್ದಲ್ಲ, ಪಕ್ಕದ ಬೀದೀದು" ಅಂದರು. ಹೌದೋ ಅಲ್ಲವೋ, ಮರುವರ್ಷ ಅವರ ಗಣಪತಿ ಮಣ್ಣಿನದಾಗಿತ್ತು.

ಶಾಲೆಗಳಿಗೂ ಹೋಗುತ್ತೇವೆ. ಮಕ್ಕಳನ್ನು ತಯಾರು ಮಾಡುವುದು ಬಹಳ ಸುಲಭ, ತಯಾರಾದ ಮೇಲೆ ಹಿಡಿತದಲ್ಲಿಡುವುದು ಕಷ್ಟ. ಒಮ್ಮೆ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಸಂಧ್ಯಾವಂದನೆಗೆ ಬಂದು ಬಾಯಿ ಮುಕ್ಕಳಿಸಿದ ಹಿರಿಯರನ್ನು ಅಡ್ಡಗಟ್ಟಿ, "ತಾತ, ನಿಮ್ಮ ಹೆಸರು ಬರ್ಕೋತೀನಿ" ಎಂದು ನಿಂತುಬಿಟ್ಟಳು. ಬಿಡಿಸಿ ಕಳಿಸುವುದರಲ್ಲಿ ಸಾಕುಸಾಕಾಯಿತು.

ಈ ಜಿಲ್ಲೆಗೆ ಹೊಳೆಗಾಗಿ ಬೀದಿಗಿಳಿಯುವುದು ಹೊಸತಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಗಂಗಾಮೂಲದ ಸೀಮೆಯಲ್ಲಿ ಕಬ್ಬಿಣದ ಅದಿರಿಗಾಗಿ ಬೆಟ್ಟ ಅಗೆಯುವುದನ್ನು ವಿರೋಧಿಸಿ ಎಷ್ಟೋ ಮಂದಿ ಊರೂರು ಅಲೆದರು. ಗಣಿಗಾರಿಕೆ 2005ರ ಕೊನೆಯೊಳಗೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಕೆಳಗೆ ಹರಿಹರದ ಆಚೆ ದಂಡೆಯಲ್ಲಿ 1980ರ ದಶಕದಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯ ಮೀನು ಸತ್ತು ತೇಲಿದಾಗ ಎಸ್. ಆರ್. ಹಿರೇಮಠರೂ ಸಮಾಜ ಪರಿವರ್ತನ ಸಮುದಾಯದವರೂ ಹಳ್ಳಿಗರ ಜೊತೆ ನಿಂತು ಹೋರಾಡಿದರು. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಹೊಳೆಯ ಗುಂಟ ಪಾದಯಾತ್ರೆ ಹೊರಟರು. ಗಣಿ, ಕಾರ್ಖಾನೆಗಳ ಎದುರು ನಿಂತವರಿಗೆ ಯಾರ ಕಡೆ ಕೈತೋರಿಸಬೇಕೆಂದು ಗೊತ್ತಿತ್ತು. ನಾವು ಊರೊಳಗೆ ಕೈತೋರಿಸಿದರೆ ಅದು ನೇರ ಪಕ್ಕದ ಮನೆಯ ಹಿತ್ತಿಲಿಗೆ ಹೋಗುತ್ತದೆ, ಅಲ್ಲಿಂದ ನಮ್ಮ ಮನೆಯ ಬಚ್ಚಲಿಗೆ.

ಯಾಕೆಂದರೆ ನಿಜವಾದ ಹೊಲಸು ಹೆಕ್ಕಲಿಕ್ಕೆ ಬರುವಂಥದ್ದಲ್ಲ. ಮಳೆನೀರಿಗೆಂದು ಮಾಡಿದ ರಾಜಕಾಲುವೆಗಳಲ್ಲಿ ವರ್ಷವಿಡೀ ಬಚ್ಚಲ ನೀರು, ಕಕ್ಕಸಿನ ನೀರು ಹರಿದು ಹೊಳೆ ಸೇರುತ್ತದೆ. ಅದು ಸೇರುವ ಜಾಗವನ್ನು ಕಣ್ಣುಮುಚ್ಚಿಯೂ ಹೇಳಬಹುದು. ಕಣ್ಣು ತೆರೆದರೆ ಅಂತರಗಂಗೆ ಹಸಿರಾಗಿ ಹಬ್ಬಿರುತ್ತದೆ, ಕೊಳಚೆಯ ಸಾರವೇ ಅದಕ್ಕೆ ಗೊಬ್ಬರ. ಮಳೆಗಾಲದ ಪ್ರವಾಹ ಇದನ್ನೆಲ್ಲ ಮುಚ್ಚಿಹಾಕುತ್ತದೆ. ಬೇಸಿಗೆಯಲ್ಲಿ ಗಾಜನೂರಿನ ಕೆಳಗೆ ನೀರು ಕಡಿಮೆಯಾದಾಗ ಹರಿಯುವುದರಲ್ಲಿ ಹೊಳೆ ಎಷ್ಟು, ಮೋರಿ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇಷ್ಟನ್ನೂ ಹೊತ್ತುಕೊಂಡು ತುಂಗೆ ಕೂಡಲಿಗೆ ಹೋಗಿ ಭದ್ರೆಯನ್ನು ಸೇರುತ್ತಾಳೆ. ಗಂಗಾ ಸ್ನಾನ, ತುಂಗಾ ಪಾನ ಎಂದು ನಾವು ಬೀಗುವುದೇನೋ ಸರಿ, ಆ ಪಾನ ಕೆಳಗಿನ ಹೊನ್ನಾಳಿಯವರಿಗೆ, ಹರಿಹರದವರಿಗೆ ಹೇಗಾಗಿ ತಲುಪುತ್ತದೆಂದು ಕೇಳುವುದಿಲ್ಲ.

ಇದನ್ನು ನಮ್ಮ ಮುಖಕ್ಕೆ ಹೇಳಿದವನು ಒಬ್ಬ ಆಟೋದವನು. ಪ್ರತಿ ಭಾನುವಾರ ಇಳಿಜಾರಿನಲ್ಲಿ ಆಟೋ ಇಳಿಸಿ, ಸೋಪಿನ ಪುಡಿ ಕದಡಿ, ಹಾಡು ಹಾಕಿಕೊಂಡು ತೊಳೆಯುತ್ತಿದ್ದ. ನಮ್ಮ ಬ್ಯಾಂಕಿನವರು ತಮ್ಮ ಅತ್ಯಂತ ಮೆದುದನಿಯಲ್ಲಿ, "ತಮ್ಮಾ, ಸ್ವಲ್ಪ ಯೋಚನೆ ಮಾಡಪ್ಪ" ಅಂದರು. ಅವನು ಬಟ್ಟೆ ಹಿಂಡುತ್ತ ಹೇಳಿದ:

"ಸಾರ್, ನಂದು ಒಂದು ಬಕೆಟ್ ನೊರೆ. ಆ ಮೋರಿ ನೋಡಿ, ಹಗಲೂ ರಾತ್ರಿ ಬರ್ತಾ ಇದೆ. ಅದಕ್ಕೆ ಯೋಚನೆ ಮಾಡು ಅಂತ ಯಾರು ಹೇಳೋದು?"

ಮಾತು ಒರಟಾಗಿತ್ತು, ಲೆಕ್ಕ ಸರಿಯಾಗಿತ್ತು. ಅಜ್ಜಿಗೆ, ಪುರೋಹಿತರಿಗೆ, ಹುಡುಗರಿಗೆ ತಕ್ಕ ಮಾತು ಕಲಿತಿದ್ದ ನಮಗೆ ಕಚೇರಿಗಳ ಹತ್ತಿರ ಮಾತಾಡುವುದು ಇನ್ನೂ ಬಂದಿರಲಿಲ್ಲ. ಮನವಿ ಬರೆಯುತ್ತಿದ್ದೆವು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಸಂತೋಷವಾಗಿ ಬರುತ್ತಿದ್ದೆವು. ಮಲೆನಾಡಿನವರ ಸಂಕೋಚ, ಕೂತವರನ್ನು ಏಳಿಸುವುದಿಲ್ಲ.

ಮುಂದಿನ ಸಲ ಮನವಿ ಕೊಡಲು ಹೋಗುವಾಗ ಮೇಷ್ಟ್ರು ಅವನ ಆಟೋವನ್ನೇ ಬಾಡಿಗೆಗೆ ಹಿಡಿದರು, ಮೀಟರಿನ ಮೇಲೆ ಹತ್ತು ರೂಪಾಯಿ ಹೆಚ್ಚಿಗೆ ಒಪ್ಪಿಕೊಂಡು ಒಳಗೂ ಕರೆತಂದರು. ನಾವು ಮಾತು ಆರಂಭಿಸಿ, ನೀರಿನ ಗುಣಮಟ್ಟ, 1974ರ ಜಲಮಾಲಿನ್ಯ ಕಾಯ್ದೆ ಎಂದು ಪೀಠಿಕೆ ಹಾಕುತ್ತಿದ್ದೆವು. ಎದುರಿಗಿದ್ದವರು ಪರಿಶೀಲಿಸೋಣ ಎಂದು ಕಾಗದ ಪಕ್ಕಕ್ಕೆ ಸರಿಸುವಷ್ಟರಲ್ಲಿ ಇವನು ಮೇಜಿನ ಹತ್ತಿರ ಬಂದ. ಯಾವ ಮೋರಿ ಎಲ್ಲಿ ಸೇರುತ್ತದೆ, ಯಾವ ಹೊತ್ತಿನಲ್ಲಿ ಜಾಸ್ತಿ ಬರುತ್ತದೆ, ಯಾವ ಬೀದಿಯ ಒಳಚರಂಡಿ ಪೈಪು ಯಾವ ಮನೆಯ ಹತ್ತಿರ ನಿಂತುಹೋಗಿದೆ, ಎಲ್ಲವನ್ನೂ ಬೆರಳು ಮಡಿಸಿ ಹೇಳಿದ. ಊರೆಲ್ಲ ಓಡಾಡುವ ಆಟೋದವನಿಗೆ ಗೊತ್ತಿರದ ಮೋರಿ ಯಾವುದು? ಕಾಗದ ಮತ್ತೆ ಮೇಜಿನ ನಡುವಿಗೆ ಬಂತು. ಇಂಜಿನಿಯರನ್ನು ಕರೆಸಿದರು, ನಕಾಶೆ ಬಿಡಿಸಿದರು, ಜಾಗ ನೋಡಲು ದಿನ ಗೊತ್ತಾಯಿತು.

ಹೊರಡುವಾಗ ಆ ಅಧಿಕಾರಿ ಅವನನ್ನು ಗೌರವದಿಂದಲೇ ಕೇಳಿದರು: "ತಾವು ಯಾವ ಸಂಘದವರು?"

"ಸಂಘ ಗಿಂಘ ಏನಿಲ್ಲ ಸಾರ್," ಅಂದ. "ನಾನು ಹೊಳೇಲಿ ಆಟೋ ತೊಳೆಯೋನು."