ಆಕಾಶಕ್ಕೂ ಒಂದು ಮಂಡಿ

ಮಂಡಿ ಮೊಹಲ್ಲಾದ ನನ್ನ ಬಾಡಿಗೆ ಕೋಣೆಯ ಕೆಳಗೆ ಒಂದು ಸಗಟು ಅಂಗಡಿಯಿದೆ. ಬೆಳಗಿನ ಜಾವಕ್ಕೇ ಲಾರಿ ಬಂದು ನಿಲ್ಲುತ್ತದೆ. ಮೂಟೆ ಎಲ್ಲಿಂದಲೇ ಬಂದಿರಲಿ, ಮೊದಲು ಇಲ್ಲಿ ಇಳಿಯಬೇಕು, ತೂಗಬೇಕು, ಲೆಕ್ಕದ ಪುಸ್ತಕಕ್ಕೆ ಏರಬೇಕು. ಆಮೇಲೆಯೇ ಬೀದಿಯ ಅಂಗಡಿಗಳಿಗೆ. ಈ ಗದ್ದಲವನ್ನು ಶಪಿಸುತ್ತ ಮುಸುಕೆಳೆದು ಮಲಗುತ್ತಿದ್ದ ನನಗೆ, ಆಕಾಶದ ವ್ಯವಹಾರವೂ ಹೀಗೆಯೇ ಎಂದು ತಿಳಿದದ್ದು ಈಚೆಗೆ.

ನಮ್ಮೂರು ಹೆಗ್ಗಡದೇವನಕೋಟೆಯ ಆಚೆ, ಕಾಡಿನ ಅಂಚಿನಲ್ಲಿದೆ. ಮೊಬೈಲಿಗೆ ಸಿಗ್ನಲ್ ಬೇಕಾದರೆ ದಿಬ್ಬ ಹತ್ತಬೇಕು. ಸಂಜೆಯಾದರೆ ಆನೆಯ ಭಯ. 2023ರಲ್ಲಿ ತಂಗಿ ವಿದ್ಯಾರ್ಥಿವೇತನದ ಅರ್ಜಿ ಕಳಿಸಲು ಕಡೆಯ ದಿನ ದಿಬ್ಬದ ಮೇಲೆ ಕಾದು ಕಾದು, ಕತ್ತಲಾದಾಗ ಅಳುತ್ತ ಇಳಿದುಬಂದಳು. ಅರ್ಜಿ ಹೋಗಲಿಲ್ಲ. ಸುದ್ದಿ ಕೇಳಿದ ಅಮೆರಿಕದ ಸೋದರಮಾವ, “ಸ್ಟಾರ್‌ಲಿಂಕ್ ಡಿಶ್ ಒಂದನ್ನು ತರ್ತೀನಿ ಕಣೋ, ಸೂರಿನ ಮೇಲಿಟ್ಟರಾಯಿತು” ಎಂದರು. ನಾನು ಕುಣಿದಾಡಿದೆ. ಅಪ್ಪ ಮಾತ್ರ, “ಕಾಯಿದೆ ಏನನ್ನುತ್ತೆ, ವಿಚಾರಿಸು” ಎಂದರು. ವಿಚಾರಿಸಿದರೆ, ಆ ಕಂಪನಿಗೆ ಪರವಾನಗಿಯಿಲ್ಲ, ಚಂದಾದಾರರಾಗಬೇಡಿ ಎಂದು ಸರ್ಕಾರ 2021ರ ನವೆಂಬರಿನಲ್ಲೇ ಪ್ರಕಟಿಸಿತ್ತು!

ಆಕಾಶಕ್ಕೆ ಎಲ್ಲಿಯ ಬೇಲಿ ಎಂದು ನನಗೆ ಸಿಟ್ಟು ಬಂದಿತು. ಮುಂದೆ ಓದುತ್ತ ಹೋದಂತೆ ಆ ಸಿಟ್ಟು ಸ್ವಲ್ಪ ಇಳಿಯಿತು. ಹಾಸನದಿಂದ ನಿಯಂತ್ರಿಸುವ ಇನ್ಸಾಟ್ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತಿರುತ್ತವೆ. ಇವಾದರೋ ಕೆಲವೇ ನೂರು ಕಿ.ಮೀ. ಮೇಲೆ, ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನೇ ಸುತ್ತಿಬರುತ್ತವೆ. ಡಿಶ್‌ನಿಂದ ಹೊರಟ ಮಾತು ಉಪಗ್ರಹಕ್ಕೇರಿ, ಅಲ್ಲಿಂದ ಒಂದು ಭೂಕೇಂದ್ರಕ್ಕಿಳಿದು, ಬಳಿಕ ಲೋಕದ ಜಾಲವನ್ನು ಸೇರುತ್ತದೆ. ಉಪಗ್ರಹಗಳು ಲೇಸರ್ ಕಿರಣದಿಂದ ಒಂದಕ್ಕೊಂದು ಮಾತನ್ನು ದಾಟಿಸಬಲ್ಲವಾದ್ದರಿಂದ, ಕೋಟೆಯಲ್ಲಿ ಹತ್ತಿದ್ದು ಪರದೇಶದಲ್ಲೂ ಇಳಿಯಬಹುದು. ಆಗ ಅದರ ಮೇಲೆ ಯಾರ ಕಾಯಿದೆ? ತರಂಗಾಂತರಗಳ ದಾಖಲೆ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿರುತ್ತದೆ; ಆದರೆ ತನ್ನ ನೆಲದಲ್ಲಿ ಸೇವೆಗೆ ಅಪ್ಪಣೆ ಕೊಡುವುದು ಆಯಾ ದೇಶವೇ. 2025ರ ಮೇ ತಿಂಗಳ ನಿಯಮಗಳಲ್ಲಿ ಭಾರತ ಸರ್ಕಾರ, ಇಲ್ಲಿಯ ಬಳಕೆದಾರರ ಸಂಚಾರ ಇಲ್ಲಿಯ ಭೂಕೇಂದ್ರದ ಮೂಲಕವೇ ಸಾಗಬೇಕೆಂದಿತು. ದೇಶದ ಭೂಗಡಿಯಿಂದ 50 ಕಿ.ಮೀ. ಒಳಗೆ ವಿಶೇಷ ನಿಗಾ ಇರಬೇಕೆಂದಿತು. ಜೂನಿನಲ್ಲಿ ಸ್ಟಾರ್‌ಲಿಂಕ್‌ಗೆ ಪರವಾನಗಿ ದೊರೆಯಿತು. ಅಂದರೆ, ಮೂಟೆ ಮೊದಲು ನಮ್ಮ ಮಂಡಿಯಲ್ಲೇ ಇಳಿಯಬೇಕು!

ಇದು ಹೊಸತೂ ಅಲ್ಲ. ಇದೇ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಹೊರಡಿಸಿದ ಕಥೆ ನಮಗೆಲ್ಲ ಹೆಮ್ಮೆಯದು. ಆದರೆ ನಮ್ಮ ತಾತನ ಪೆಟ್ಟಿಗೆಯಲ್ಲಿ ರೇಡಿಯೊ ಲೈಸೆನ್ಸಿನ ಪುಸ್ತಕವೂ ಇದೆ. ವರ್ಷವರ್ಷವೂ ಅಂಚೆಕಚೇರಿಗೆ ಶುಲ್ಕ ತೆತ್ತು ಹಾಕಿಸಿದ ಮುದ್ರೆಗಳಿವೆ. ಬರಿಯ ಕೇಳುವುದಕ್ಕೂ ಅಪ್ಪಣೆ ಬೇಕಾಗಿದ್ದ ಕಾಲವದು.

ನಿಯಮವೇ ಬೇಡವೆಂದು ನಾನು ಹೇಳಲಾರೆ. ನಮ್ಮ ಮನೆಯ ಮಾತು ಯಾರ ಕೈಗೆ ಬೀಳುತ್ತದೆಂಬ ಚಿಂತೆ ನನಗೂ ಉಂಟು. ಆದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಇಲ್ಲಿಯೂ ನಿಜವಾಗಬಾರದು. ಕಟ್ಟೆ ಕಟ್ಟುವವರಿಗೆ ದಿಬ್ಬದ ಮೇಲೆ ಕಾದು ಕುಳಿತವರ ನೆನಪೂ ಇರಲಿ.

ಮರುವರ್ಷ ತಂಗಿ ಎರಡು ಬಸ್ಸು ಬದಲಿಸಿ ಮೈಸೂರಿಗೆ ಬಂದು, ಈ ಕೋಣೆಯಿಂದಲೇ ಅರ್ಜಿ ಕಳಿಸಿದಳು. ಕಳಿಸಲು ಹಿಡಿದದ್ದು ಎರಡು ನಿಮಿಷ.