ಕಾರಕೂನನ ಕಪಾಳ

ಹುನಗುಂದದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರ ತುಂಬ ಮೋಡಿ ಲಿಪಿಯ ಕಾಗದಗಳು. ಅವನ್ನು ಓದಬಲ್ಲವರು ಮನೆಯಲ್ಲಿ ಈಗ ಯಾರೂ ಇಲ್ಲ. ನನ್ನ ಅಜ್ಜನ ಅಜ್ಜ ಕುಂಪಣಿ ಸರಕಾರದಲ್ಲಿ ಕಾರಕೂನರಾಗಿದ್ದರು ಎಂಬುದು ನಮ್ಮ ಮನೆತನದ ಹೆಮ್ಮೆ. ದಸರೆಯ ಖಂಡೇಪೂಜೆಯ ದಿನ ಓಣಿಯವರೆಲ್ಲ ಕೊಡಲಿ, ಕುಡಗೋಲು, ಕೂರಿಗೆಗೆ ಕುಂಕುಮ ಹಚ್ಚಿದರೆ ನಮ್ಮಲ್ಲಿ ಈ ಟ್ರಂಕನ್ನು ಕೆಳಗಿಳಿಸಿ, ಒರೆಸಿ, ಹೂ ಏರಿಸಿ ಮತ್ತೆ ಅಟ್ಟಕ್ಕೆ ಇಡುತ್ತಾರೆ. "ನಮ್ಮ ಆಯುಧ ಲೆಕ್ಕಣಿಕಿ" ಎನ್ನುತ್ತಿದ್ದರು ಅಪ್ಪ.

ನಾನು ಬಾಗಲಕೋಟೆಯಲ್ಲಿ ಪದವಿ ತರಗತಿಗೆ ಕನ್ನಡ ಕಲಿಸುತ್ತೇನೆ. ಹೋದ ವರ್ಷ 'ವಸಾಹತೋತ್ತರ ಓದು' ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಕಾಲಂ ಎಳೆದೆ. ಎಡಕ್ಕೆ ಆಳಿದವರು, ಬಲಕ್ಕೆ ಆಳಿಸಿಕೊಂಡವರು. ಉದಾಹರಣೆಗೆ ಹಲಗಲಿ ಬೇಡರ ಲಾವಣಿಯನ್ನು ತೆಗೆದುಕೊಂಡೆ. ಹೈಸ್ಕೂಲಿನಲ್ಲೇ ಓದಿದ ಹಾಡು, ಎಲ್ಲರಿಗೂ ಗೊತ್ತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂತು. ಹಲಗಲಿಯ ಬೇಡರು ಒಪ್ಪಲಿಲ್ಲ. ಕುಂಪಣಿಯ ದಂಡು ಊರಿಗೆ ಬೆಂಕಿ ಇಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ನನ್ನ ಎರಡು ಕಾಲಮ್ಮಿಗೆ ಇದಕ್ಕಿಂತ ಸಲೀಸಾಗಿ ಕೂಡುವ ಕತೆ ಇನ್ನೊಂದಿಲ್ಲ ಅಂದುಕೊಂಡಿದ್ದೆ.

ಮುಧೋಳ ಕಡೆಯ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಎದ್ದು ನಿಂತ. "ಸರ್, ಹಾಡಿನಾಗ ಹೊಡತ ಬೀಳೂದು ಸಾಹೇಬಗ ಅಲ್ಲರೀ, ಕಾರಕೂನನ ಕಪಾಳಕ್ಕ. ಅಂವ ಯಾವ ಕಾಲಮ್ಮಿನಾಂವ?"

"ಸರಕಾರದ ಪೈಕಿ" ಎಂದೆ.

"ಆದ್ರ ಅಂವ ಇಲ್ಲಿಯಾಂವನ ಅಲ್ಲೇನ್ರೀ?"

ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ನುಡಿಗೆ ಹೋದೆ. ಸಂಜೆ ಹುನಗುಂದದ ಬಸ್ಸಿನಲ್ಲಿ ಕೂತಾಗ ಟ್ರಂಕು ನೆನಪಾಯಿತು.

ಆ ದಿನಗಳಲ್ಲಿ ನಾನು ಇವೋ ಆಂದ್ರಿಚ್‌ನ ಡ್ರೀನಾ ನದಿಯ ಸೇತುವೆಯ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಎರಡನೇ ಸಲ ಓದುತ್ತಿದ್ದೆ. 1945ರಲ್ಲಿ ಪ್ರಕಟವಾದ ಪುಸ್ತಕ. ಲೇಖಕನಿಗೆ 1961ರಲ್ಲಿ ನೊಬೆಲ್ ಬಂತು. ಬೋಸ್ನಿಯಾದ ವಿಶೆಗ್ರಾದ್ ಎಂಬ ಸಣ್ಣ ಊರು. ಅಲ್ಲಿ ಮುಸ್ಲಿಮರು, ಆರ್ಥಡಾಕ್ಸ್ ಸರ್ಬರು, ಯಹೂದಿಗಳು ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುತ್ತಾರೆ. ನಾಲ್ಕು ನೂರು ವರ್ಷ ತುರ್ಕರ ಆಳ್ವಿಕೆ, 1878ರಿಂದ ಆಸ್ಟ್ರಿಯಾದ್ದು. ಸೇತುವೆ ಕಟ್ಟಿಸಿದ ವಜೀರ ಮೆಹಮದ್ ಪಾಶಾ ತುರ್ಕನಾಗಿ ಹುಟ್ಟಿದವನಲ್ಲ. ಅದೇ ಸೀಮೆಯ ಕ್ರೈಸ್ತ ಮನೆಯಿಂದ ಎಳೆಯನಾಗಿದ್ದಾಗ ಕಂದಾಯದ ಹಾಗೆ ಎತ್ತಿಕೊಂಡು ಹೋದ ಹುಡುಗ. ಅವನನ್ನು ನನ್ನ ಬೋರ್ಡಿನ ಯಾವ ಕಡೆ ಬರೆಯಲಿ?

ಮೊದಲ ಓದಿನಲ್ಲಿ ಬರೀ ಕ್ರೌರ್ಯವಾಗಿ ಕಂಡಿದ್ದ ಒಂದು ಪ್ರಸಂಗ ಈ ಸಲ ನನ್ನನ್ನು ಬಿಡಲಿಲ್ಲ. ಆಸ್ಟ್ರಿಯಾದ ಸೈನ್ಯ ಬರುತ್ತಿದೆ. ಕಾದಾಡಿ ಸುಮ್ಮನೆ ಸಾಯುವುದರಲ್ಲಿ ಅರ್ಥವಿಲ್ಲ ಎಂದು ಅಲಿಹೋಜ ಎಂಬ ಅಂಗಡಿಕಾರ ವಾದಿಸುತ್ತಾನೆ. ಪ್ರತಿರೋಧದ ಮುಂದಾಳಿನ ಕಡೆಯವರು ಅವನ ಕಿವಿಯನ್ನು ಸೇತುವೆಯ ಮೇಲಿನ ಮರದ ತೊಲೆಗೆ ಮೊಳೆ ಹೊಡೆದು ಜಡಿದು ಹೋಗುತ್ತಾರೆ. ಆ ಮೊಳೆ ಕಿತ್ತು ಬಿಡಿಸುವವನು ಆಸ್ಟ್ರಿಯಾದ ಒಬ್ಬ ಸೈನಿಕ, ಶುಶ್ರೂಷೆಯ ದಳದವನು. ಅಷ್ಟಕ್ಕೆ ಅಲಿಹೋಜ ಹೊಸ ಸರಕಾರವನ್ನು ಮೆಚ್ಚುತ್ತಾನೆಯೇ? ಇಲ್ಲ, ಕೊನೆಯವರೆಗೂ ಮೆಚ್ಚುವುದಿಲ್ಲ. ಹೊಸಬರು ಅಳೆಯುತ್ತಾರೆ, ಎಣಿಸುತ್ತಾರೆ, ಮನೆಗಳಿಗೆ ನಂಬರು ಹಾಕುತ್ತಾರೆ. ಅವನಿಗೆ ಕತ್ತಿಗಿಂತ ಆ ನಂಬರಿನ ಬಗ್ಗೆಯೇ ಹೆಚ್ಚು ಗುಮಾನಿ. ಆಂದ್ರಿಚ್ ತುರ್ಕರ ಕಾಲವನ್ನು ಬರೆದ ರೀತಿಯ ಬಗ್ಗೆ ಬೋಸ್ನಿಯಾದ ಮುಸ್ಲಿಂ ಓದುಗರಲ್ಲಿ ಅನೇಕರಿಗೆ ಸಿಟ್ಟಿದೆ. ಆ ಸಿಟ್ಟಿನಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ. ಆದರೆ ಆ ಮೊಳೆಯ ವಿಷಯದಲ್ಲಿ ಅವನು ಯಾರಿಗೂ ರಿಯಾಯಿತಿ ಕೊಟ್ಟಿಲ್ಲ.

ನಮ್ಮ ಸೀಮೆಯೂ ಇಂಥದೇ. ಹಲಗಲಿ ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನದ ಊರು. ಬೇಡರ ಮಾತು ಕನ್ನಡ, ಸಂಸ್ಥಾನಿಕರದು ಮರಾಠಿ, ಮೇಲಿನ ಹುಕುಮು ಇಂಗ್ಲಿಷ್. ಅಪ್ಪಟ ಕನ್ನಡದ ಈ ತಾಲೂಕುಗಳನ್ನು ಸಾಹೇಬರು 'ದಕ್ಷಿಣ ಮರಾಠಾ ದೇಶ' ಎಂದು ಕರೆದರು. ಬಾದಾಮಿ, ಬಾಗಲಕೋಟೆಯ ಮೇಲೆ ರೈಲು ಓಡಿಸಿದ ಕಂಪನಿಯ ಹೆಸರೂ ಸದರ್ನ್ ಮರಾಠಾ ರೈಲ್ವೆ. ಅದೇ ಸರಕಾರದ ನೌಕರಿಯಲ್ಲಿದ್ದುಕೊಂಡೇ ಡೆಪ್ಯುಟಿ ಚನ್ನಬಸಪ್ಪನವರು ಇಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಅವರಿಲ್ಲದಿದ್ದರೆ ನಾನು ಇವತ್ತು ಏನು ಕಲಿಸುತ್ತಿದ್ದೆನೋ.

ಲಾವಣಿ ನಮಗೆ ಉಳಿದು ಬಂದ ದಾರಿಯೂ ಅಷ್ಟೇ ತೊಡಕಿನದು. ಅದನ್ನು ಸಂಗ್ರಹಿಸಿ, 1880ರ ದಶಕದಲ್ಲಿ ಇಂಗ್ಲಿಷ್ ಅನುವಾದದೊಂದಿಗೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್, ಮುಂಬಯಿ ಇಲಾಖೆಯ ಅಧಿಕಾರಿ. ಬಾದಾಮಿ ಚಾಲುಕ್ಯರ ಶಾಸನಗಳನ್ನು ಓದಿದವನೂ ಅವನೇ. ಬೇಡರನ್ನು ನೇಣಿಗೇರಿಸಿದ ಆಡಳಿತದ್ದೇ ಒಂದು ಕೈ, ಮೂವತ್ತು ವರ್ಷದೊಳಗೆ ಬೇಡರ ಹಾಡನ್ನು ಜೋಪಾನ ಮಾಡಿತು. ಫ್ಲೀಟ್ ಒಬ್ಬನೇ ಕೂತು ಬರೆದುಕೊಂಡಿರಲಾರ. ಅವನ ಪಕ್ಕದಲ್ಲಿಯೂ ಒಬ್ಬ ಕಾರಕೂನ ಕೂತಿದ್ದಿರಬೇಕು, ತನ್ನಂಥವನ ಕಪಾಳಕ್ಕೆ ಬಿದ್ದ ಏಟನ್ನು ದುಂಡಗೆ ಬರೆದುಕೊಳ್ಳುತ್ತ. ಇದು ಕೇವಲ ನನ್ನ ಊಹೆ, ಆದರೆ ಬಿಡಲಾಗದ ಊಹೆ.

ಹಾಡನ್ನು ಮತ್ತೆ ಓದಿದೆ. ಶೌರ್ಯದ ನುಡಿಗಳನ್ನು ದಾಟಿ ಲೂಟಿಯ ಭಾಗಕ್ಕೆ ಬಂದಾಗ ನಿಂತೆ. ದಂಡು ಹೊತ್ತೊಯ್ದ ಸಾಮಾನುಗಳನ್ನು ಹಾಡುಗಾರ ಒಂದೊಂದಾಗಿ ಎಣಿಸುತ್ತಾನೆ. ಅರಿಶಿಣ, ಜೀರಿಗೆ, ಎಣ್ಣೆ, ಬೆಲ್ಲ, ಬೀಸುಕಲ್ಲು. ಇಷ್ಟು ವರ್ಷ ಕಲಿಸುವಾಗ ಈ ಭಾಗವನ್ನು ನಾನು ಬೇಗಬೇಗ ದಾಟಿಸುತ್ತಿದ್ದೆ. ಪರೀಕ್ಷೆಗೆ ಬರುವಂಥದ್ದಲ್ಲ.

ಒಂದು ಭಾನುವಾರ ಟ್ರಂಕಿನಿಂದ ನಾಲ್ಕು ಕಾಗದ ತೆಗೆದುಕೊಂಡು ಬಾದಾಮಿಗೆ ಹೋದೆ. ಅಲ್ಲಿ ಮೋಡಿ ಓದಬಲ್ಲ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ ಎಂದು ಗೆಳೆಯ ಹೇಳಿದ್ದ. ಭೂತಗನ್ನಡಿ ಹಿಡಿದು ಅವರು ಮೂರು ಕಾಗದಗಳನ್ನು ಪಕ್ಕಕ್ಕಿಟ್ಟರು. ಹೊಲದ ಲೆಕ್ಕ, ವಿಶೇಷವೇನಿಲ್ಲ. ನಾಲ್ಕನೆಯದನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಜಪ್ತಿ ಯಾದಿ ನೋಡ್ರಿ ಇದು. ಕಂದಾಯ ಬಾಕಿ ಇತ್ತು ಕಾಣಸ್ತದ. ಹಂಡೆ ಒಂದು, ಚರಿಗಿ ಎರಡು, ಕೊಡಲಿ ಒಂದು, ಬೀಸುಕಲ್ಲು ಒಂದು. ಕೆಳಗ ನಿಮ್ಮ ಹಿರಿಯರ ರುಜು. ಅಕ್ಷರ ಭಾಳ ಚಂದ ಅದಾವು."

ಮರುವಾರ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಆಂದ್ರಿಚ್‌ನ ಮೊಳೆಯಿಂದ ಹಿಡಿದು ಜಪ್ತಿ ಯಾದಿಯವರೆಗೆ, ಅಪ್ಪನ ಲೆಕ್ಕಣಿಕೆಯ ಮಾತನ್ನೂ ಬಿಡಲಿಲ್ಲ. ಹೇಳುವಾಗ ಗಂಟಲು ಒಣಗಿತ್ತು. ಬೋರ್ಡಿನ ಮೇಲೆ ಕಾಲಂ ಎಳೆಯಲಿಲ್ಲ. ಪಾಠ ಮುಗಿದ ಮೇಲೆ ಮುಧೋಳ ಕಡೆಯ ಆ ಹುಡುಗ ಟೇಬಲ್ಲಿನ ಹತ್ತಿರ ಬಂದ.

"ಆ ಬೀಸುಕಲ್ಲು ಯಾರ ಮನೀದರೀ ಸರ್? ಹೆಸರು ಬರದದ ಏನು?"

ಸಾಮಾನುಗಳನ್ನು ಬರೆದುಕೊಂಡಿದ್ದೆ. ಹಿರಿಯರ ರುಜುವಿನ ಫೋಟೊ ತೆಗೆದುಕೊಂಡಿದ್ದೆ. ಮನೆಯವರ ಹೆಸರನ್ನು ಮಾಸ್ತರರಿಂದ ಓದಿಸಿರಲಿಲ್ಲ. "ಬರೋ ಭಾನುವಾರ ಬಾದಾಮಿಗೆ ಹೊಂಟೇನಿ, ಕೇಳಿಕೊಂಡು ಬರತೇನಿ" ಎಂದೆ.

"ನಾನೂ ಬರ್ಲೇನ್ರೀ?" ಎಂದ.